ಪದ ಬೇಕು: ಪ್ರೊಪೆಲರ್ 'ಫೆದರ್' ಮಾಡುವುದಕ್ಕೆ (ತುರ್ತು)

ವಿ.ಕೆ.:
ಎಲ್ಲರಿಗೂ ನಮಸ್ಕಾರ. ಎರಡು ಎಂಜಿನ್ನಿನ ಪ್ರೊಪೆಲರ್ ವಿಮಾನಗಳ ಬಗ್ಗೆ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕೈಪಿಡಿಯೊಂದು ಅನುವಾದವಾಗುತ್ತಿದೆ. ಹುಬ್ಬಳ್ಳಿ, ಶಿವಮೊಗ್ಗಕ್ಕೆ ಹಾರುವ ಎಟಿಆರ್ 72ರ ಜಾತಿಯವು. ಇಳಿಯಲು ಬರುವಾಗ ಒಂದು ಎಂಜಿನ್ ಕೈಕೊಟ್ಟರೆ ಏನು ಮಾಡಬೇಕೆಂಬ ಅಧ್ಯಾಯ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ತೊಡಕು 'ಫೆದರ್' ಎಂಬ ಕ್ರಿಯಾಪದದ್ದು, ಅಂದರೆ ಪ್ರೊಪೆಲರ್ ಅಲಗುಗಳನ್ನು ಅಂಚು ಗಾಳಿಗೆ ಬರುವಂತೆ ಹೊರಳಿಸುವುದು. ಕರಡಿನಲ್ಲಿ ಮೂರು ಕಡೆ ಮೂರು ಬಗೆ: 'ಗರಿಗೊಳಿಸು', 'ಪ್ರೊಪೆಲರ್ ನಿಲ್ಲಿಸು', 'ಫೆದರ್ ಮಾಡು'. ವಾಕ್ಯ ಇದು: "ಕೆಟ್ಟ ಎಂಜಿನ್ ಯಾವುದೆಂದು ಗುರುತಿಸಿ, ಖಚಿತಪಡಿಸಿಕೊಂಡು, ಅದರ ಪ್ರೊಪೆಲರನ್ನು ____." ನಾಮಪದವಾಗಿಯೂ ಒಗ್ಗುವ ಒಂದೇ ಪದ ಬೇಕು.

ಎಸ್.ಎಂ.:
'ನಿಲ್ಲಿಸು' ಎಂಬುದನ್ನು ಈಗಲೇ ಹೊಡೆದುಹಾಕಿ. ಎಂಜಿನ್ ನಿಲ್ಲಿಸುವುದು ಬೇರೆ ಕೆಲಸ, ಫೆದರ್ ಬೇರೆ ಕೆಲಸ. 2023ರ ಜನವರಿ 15ರಂದು ಪೋಖರಾದಲ್ಲಿ ಬಿದ್ದ ಯೇತಿ ಏರ್‌ಲೈನ್ಸ್‌ನ ಎಟಿಆರ್ 72ರಲ್ಲಿ ಎರಡು ಎಂಜಿನ್ನೂ ಓಡುತ್ತಲೇ ಇದ್ದವು. ಇಳಿಯುವ ಹಾದಿಯಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಲಿವರನ್ನು 30 ಡಿಗ್ರಿಗೆ ಇಳಿಸುವ ಬದಲು ಪಕ್ಕದಲ್ಲಿದ್ದ, ಅಲಗಿನ ಕೋನವನ್ನೂ ಇಂಧನವನ್ನೂ ಹಿಡಿತದಲ್ಲಿಡುವ ಎರಡೂ ಕಂಡಿಷನ್ ಲಿವರ್‌ಗಳು ಫೆದರ್ ಸ್ಥಾನಕ್ಕೆ ಹೋದವು ಎಂಬುದೇ ತನಿಖೆಯ ತೀರ್ಮಾನ. ನೂಕುಬಲ ಇಲ್ಲವಾಯಿತು, 72 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 'ನಿಲ್ಲಿಸು' ಎಂದು ಓದಿದ ವಿದ್ಯಾರ್ಥಿಗೆ ಈ ಅಪಘಾತವೇ ಅರ್ಥವಾಗುವುದಿಲ್ಲ.

ಪದ ಹೇಳಬೇಕಾದದ್ದು ಇಷ್ಟು. ಎಂಜಿನ್ ಸತ್ತ ಮೇಲೆ ಎದುರುಗಾಳಿಯೇ ಪ್ರೊಪೆಲರನ್ನು ತಿರುಗಿಸುತ್ತದೆ. ಅಲಗಿನ ಅಗಲ ಗಾಳಿಗೆ ಎದುರಾಗಿರುವಷ್ಟು ಹೊತ್ತು ಆ ಕಡೆಯ ತಡೆ ವಿಪರೀತ. ಎಟಿಆರ್‌ನದು ಆರು ಅಲಗು, 3.93 ಮೀಟರ್ ವ್ಯಾಸ. ಡಾರ್ನಿಯರ್ 228 ವಿಮಾನದ ಟಿಪಿಇ331ರಂಥ ಎಂಜಿನ್ನಿನಲ್ಲಿ ಇನ್ನೂ ಕಷ್ಟ: ಪ್ರೊಪೆಲರ್ ಗೇರುಗಳ ಮೂಲಕ ಮುಖ್ಯ ದಂಡಕ್ಕೇ ಸೇರಿರುವುದರಿಂದ ಗಾಳಿ ಕಂಪ್ರೆಸರ್ ಸಮೇತ ಇಡೀ ಎಂಜಿನನ್ನು ತಿರುಗಿಸಬೇಕು. ಅಲಗನ್ನು ಸುಮಾರು 80ರಿಂದ 90 ಡಿಗ್ರಿಗೆ ಹೊರಳಿಸಿ ಅದರ ಅಂಚು ಗಾಳಿಯನ್ನು ಸೀಳುವಂತೆ ಮಾಡುವುದೇ ಫೆದರ್.

ಎನ್.ಆರ್.:
'ಗರಿಗೊಳಿಸು' ಕನ್ನಡವೇ ಅಲ್ಲ. ಇಂಗ್ಲಿಶಿನ ಪದ ಬಂದಿದ್ದು ದೋಣಿ ಹುಟ್ಟು ಹಾಕುವವರಿಂದ. ಹುಟ್ಟನ್ನು ನೀರಿನಿಂದ ಎತ್ತಿ ಹಿಂದಕ್ಕೆ ಒಯ್ಯುವಾಗ ಅದರ ಹಲಗೆಯನ್ನು ಮಟ್ಟಸವಾಗಿ ಹೊರಳಿಸುತ್ತಾರೆ, ಗಾಳಿ ತಡೆಯದಿರಲಿ ಎಂದು. ಹಕ್ಕಿಯ ಗರಿ ನಮಗೆ ಬೇಕಿಲ್ಲ. ಅಲ್ಲದೆ ನಮ್ಮಲ್ಲಿ 'ಗರಿಗೆದರು' ಎಂದರೆ ಹರಡಿಕೊಳ್ಳುವುದು, ಅಂದರೆ ಬೇಕಾದ್ದಕ್ಕೆ ತೀರಾ ಎದುರು ಅರ್ತ.

ಎದೆಯೊಡ್ಡು, ಮಯ್ಯೊಡ್ಡು, ಕಯ್ಯೊಡ್ಡು ಇರುವ ನುಡಿಯಲ್ಲಿ 'ಅಂಚೊಡ್ಡು' ಯಾಕಾಗಬಾರದು? ಅಲಗು ಗಾಳಿಗೆ ಅಂಚೊಡ್ಡುತ್ತದೆ, ಪಯ್ಲಟ್ ಅಂಚೊಡ್ಡಿಸುತ್ತಾನೆ. ಹೆಸರುಪದ 'ಅಂಚೊಡ್ಡಿಕೆ'. ಹಾಗೆಯೇ ಎಂಜಿನ್ನಿಗೆ 'ಬಿಣಿಗೆ' ಎಂದು ಬಳಸಿ.

ಪಿ.ಬಿ.:
'ಬಿಣಿಗೆ' ಬೇಡ. ಓದುವ ಹುಡುಗರಿಗೆ ಅರ್ಥಕೋಶ ಹಿಡಿದು ಕೂರುವಷ್ಟು ಸಮಯವಿಲ್ಲ. ಲಿವರ್‌ನ ಪಕ್ಕದಲ್ಲಿ 'ಎಫ್‌ಟಿಆರ್' (ಫೆದರ್) ಎಂದು ಬರೆದಿರುತ್ತದೆ, ತರಬೇತಿ ಇಂಗ್ಲಿಷಿನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ. ಬ್ರೇಕ್ ಹಾಕುತ್ತೇವೆ, ಗೇರ್ ಬದಲಿಸುತ್ತೇವೆ, ಕ್ಲಚ್ ಒತ್ತುತ್ತೇವೆ. 'ಫೆದರ್ ಮಾಡು' ಸಾಕು. ಮುಗಿಯಿತು.

ಎನ್.ಆರ್.:
ಮುಗಿದಿಲ್ಲ. ಬ್ರೇಕು, ಕ್ಲಚ್ಚು ವಸ್ತುಗಳ ಹೆಸರು. ವಸ್ತು ಬಂದಾಗ ಹೆಸರೂ ಬರುತ್ತದೆ. ಚಾವಿ, ಅಲಮಾರಿ ಪೋರ್‍ಚುಗೀಸರಿಂದ ಬಂದವು, ಯಾರೂ ತಕರಾರು ಮಾಡಿಲ್ಲ. ಇದು ಕೆಲಸದ ಹೆಸರು. ಒಡ್ಡು, ಹೊರಳಿಸು, ಸೀಳು ಎಂಬ ಎಸಕಪದಗಳು (ಕ್ರಿಯಾಪದಗಳು) ಮನೆಯಲ್ಲೇ ಇರುವಾಗ ಎಲ್ಲಕ್ಕೂ 'ಮಾಡು' ಅಂಟಿಸುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು 'ಮಾಡು' ಒಂದೇ.

ಪಿ.ಬಿ.:
'ವಸ್ತು' ಸಂಸ್ಕೃತ, 'ತಕರಾರು' ಅರಬ್ಬಿ. ನಿಮ್ಮ ಎರವಲಿಗೆ ಪರವಾನಗಿ ಉಂಟು, ಬೇರೆಯವರದಕ್ಕೆ ಇಲ್ಲ.

ಎಸ್.ಎಂ.:
ವಿ.ಕೆ. ಅವರ ಗಡುವು ನಾಳೆ. ಎರವಲಿನ ಜಗಳ ಆಮೇಲಾಗಲಿ.

'ಅಂಚೊಡ್ಡಿಸು' ಚೆನ್ನಾಗಿದೆ, ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆದರೆ ಲಿವರಿನ ಸ್ಥಾನದ ಹೆಸರು 'ಫೆದರ್' ಎಂದೇ ಇರಲಿ. ತಾನಾಗಿ ಆಗುವ ವ್ಯವಸ್ಥೆಗೂ 'ಆಟೋಫೆದರ್' ಎನ್ನಿ, ಅದು ಉಪಕರಣದ ಹೆಸರು. ಆ ಅಧ್ಯಾಯದಲ್ಲಿ ಅದರ ಮಿತಿಯನ್ನೂ ಬರೆದಿದ್ದಾರೆಯೇ ನೋಡಿ. ಆಟೋಫೆದರ್ ಸಾಮಾನ್ಯವಾಗಿ ಟೇಕಾಫ್‌ನ ಹೆಚ್ಚಿನ ಶಕ್ತಿಯಲ್ಲಿ ಮಾತ್ರ ಸಜ್ಜಾಗಿರುತ್ತದೆ. ಇಳಿಯುವಾಗ ಪವರ್ ಲಿವರ್ ಹಿಂದಕ್ಕೆ ಬಂದಿರುವುದರಿಂದ ಅದನ್ನು ನಂಬಿ ಕೂರುವಂತಿಲ್ಲ, ಕೈಯಿಂದಲೇ ಅಂಚೊಡ್ಡಿಸಬೇಕು.

ಇಳಿಯುವ ಹಾದಿಯ ಇನ್ನೊಂದು ಮೋಸ ಎಂದರೆ ಶಕ್ತಿ ಕಡಿಮೆ ಇರುವಾಗ ಎಂಜಿನ್ ಸತ್ತದ್ದು ಗೊತ್ತೇ ಆಗದಿರಬಹುದು. ಮತ್ತೆ ಮೇಲೇರಲು ಶಕ್ತಿ ಕೊಟ್ಟ ಕ್ಷಣ ವಿಮಾನದ ಮೂತಿ, ಸತ್ತ ಎಂಜಿನ್ನಿನ ಕಡೆಗೆ ಎಳೆಯುತ್ತದೆ. ಜೀವಂತ ಎಂಜಿನ್ನಿನ ಕಡೆಯ ರಡರ್ (ಬಾಲದ ಚುಕ್ಕಾಣಿ) ಒತ್ತಿ, ಅದೇ ಕಡೆಗೆ ಹೆಚ್ಚೆಂದರೆ 5 ಡಿಗ್ರಿ ವಾಲಿಸಬೇಕು. ವೇಗ ಕನಿಷ್ಠ ನಿಯಂತ್ರಣ ವೇಗಕ್ಕಿಂತ ಇಳಿದರೆ ರಡರ್ ಸಾಲದೆ ವಿಮಾನ ಮಗುಚುತ್ತದೆ. ಆಗ ಮೂತಿ ತಗ್ಗಿಸಿ, ಜೀವಂತ ಎಂಜಿನ್ನಿನ ಶಕ್ತಿಯನ್ನು ತುಸು ಇಳಿಸುವುದೊಂದೇ ದಾರಿ. ನೆಲ ಹತ್ತಿರವಿದ್ದರೆ ಅದಕ್ಕೂ ಜಾಗವಿರುವುದಿಲ್ಲ.

ವಾಕ್ಯದ 'ಖಚಿತಪಡಿಸಿಕೊಂಡು' ಎಂಬುದನ್ನು ಪುಟ ಸಾಲದೆಂದು ತೆಗೆಯಬೇಡಿ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72 ಮೇಲೇರುತ್ತಿದ್ದಾಗ ಬಲಗಡೆಯ ಪ್ರೊಪೆಲರ್ ತಾನಾಗಿ ಫೆದರ್ ಆಯಿತು. ಸಿಬ್ಬಂದಿ ನಿಲ್ಲಿಸಿದ್ದು ಚೆನ್ನಾಗಿದ್ದ ಎಡಗಡೆಯ ಎಂಜಿನನ್ನು. ಸಂಶಯವಿರುವ ಎಂಜಿನ್ನಿನ ಪವರ್ ಲಿವರನ್ನು ಮೆಲ್ಲಗೆ ಹಿಂದಕ್ಕೆಳೆದಾಗ ಮೂತಿಯ ಎಳೆತ ಬದಲಾಗದಿದ್ದರೆ ಸತ್ತದ್ದು ಅದೇ. ಆಮೇಲಷ್ಟೇ ಕಂಡಿಷನ್ ಲಿವರ್‌ಗೆ ಕೈ.

ವಿ.ಕೆ.:
ಉಪಕಾರವಾಯಿತು. ಹಾಗಾದರೆ: "…ಖಚಿತಪಡಿಸಿಕೊಂಡು, ಕಂಡಿಷನ್ ಲಿವರನ್ನು ಫೆದರ್‌ಗೆ ತಂದು, ಅಲಗುಗಳನ್ನು ಗಾಳಿಗೆ ಅಂಚೊಡ್ಡಿಸಿ." ಇದರ ವಿರುದ್ಧ ಕ್ರಿಯೆಗೆ 'ಮೈಯೊಡ್ಡಿಸು' ಎನ್ನಬಹುದೇ? ಹಾರಾಟದಲ್ಲೇ ಎಂಜಿನ್ ಮತ್ತೆ ಹೊತ್ತಿಸುವ ಪ್ಯಾರಾದಲ್ಲಿ ಬೇಕು.

ಎನ್.ಆರ್.:
ಸೊಗಸಾಗಿದೆ. ಹಾಗೇ ಬಿಡಿ.

ಎಸ್.ಎಂ.:
ಬೇಡ. ಅಲಗು ಗಾಳಿಗೆ ಪೂರ್ತಿ ಮೈಯೊಡ್ಡುವುದೇ ಅಪಾಯದ ಸ್ಥಿತಿ, ಅದಕ್ಕೆ ಆ ಪದವನ್ನು ಮೀಸಲಿಡಿ. ಇಲ್ಲಿ ಆಗಬೇಕಾದದ್ದು ಅಲಗು ಕೆಲಸದ ಕೋನಕ್ಕೆ ಮರಳುವುದು, ಹಾಗೆಂದೇ ಬರೆಯಿರಿ. ಆ ಪ್ಯಾರಾದಲ್ಲಿ ಎತ್ತರದ ಷರತ್ತು ಇರಲೇಬೇಕು. 2009ರ ಮಾರ್ಚ್ 6ರಂದು ಬಿಡದಿಯ ಬಳಿ ನಮ್ಮ ದೇಶದ್ದೇ ಆದ ಸಾರಸ್ ವಿಮಾನದ ಎರಡನೆಯ ಮಾದರಿ ಬಿದ್ದದ್ದು, ಹಾರಾಟದಲ್ಲೇ ಎಂಜಿನ್ ಮತ್ತೆ ಹೊತ್ತಿಸುವ ಇದೇ ಪರೀಕ್ಷೆಯಲ್ಲಿ. ಮೂವರು ತೀರಿಕೊಂಡರು, ಮರುಹೊತ್ತಿಸುವ ಕ್ರಮವೇ ತಪ್ಪಾಗಿತ್ತು, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು.

ಕರಡಿನಲ್ಲಿ ಎಲ್ಲಾದರೂ 'ದಪ್ಪ ಪಿಚ್', 'ಸಣ್ಣ ಪಿಚ್' ಎಂದಿದ್ದರೆ 'ಹೆಚ್ಚಿನ ಅಲಗುಕೋನ', 'ಕಡಿಮೆ ಅಲಗುಕೋನ' ಎಂದು ತಿದ್ದಿ. ಅಚ್ಚಿಗೆ ಹೋಗುವ ಮುಂಚೆ ಆ ಪುಟವನ್ನು ಇಲ್ಲಿಗೊಮ್ಮೆ ಕಳಿಸಿ.