ಬರ್ಮಾ ತೇಗ ಮಾರುವುದು ಬಿಡಬೇಕಾ?

ಮರದಂಗಡಿ, ಶಿವಮೊಗ್ಗ:
ಅಪ್ಪನ ಕಾಲದಿಂದ ನಮ್ಮದು ಮರದ ವ್ಯಾಪಾರ. ಹೊಸ ಮನೆ ಕಟ್ಟುವವರು ಮುಂಬಾಗಿಲಿಗೆ ಮೊದಲು ಕೇಳುವುದೇ ಬರ್ಮಾ ತೇಗ. ಉಜ್ಜುಗೊರಡು ಹಾಕಿದರೆ ಎಳೆ ನೇರ ಓಡುತ್ತೆ, ಅಂಗೈಗೆ ಎಣ್ಣೆ ಥರ ಜಿಡ್ಡು ಹತ್ತುತ್ತೆ. ಆ ಗುಣ ನಮ್ಮ ಪ್ಲಾಂಟೇಶನ್ ಸಾಗುವಾನಿಗೆ ಇಲ್ಲ ಅನ್ನುತ್ತಾರೆ ಆಚಾರ್ರು.

ಮೊನ್ನೆ ಲೆಕ್ಕ ಬರೆಯಲು ಕೂತ ಮಗಳು ಕೇಳಿದಳು, "ಅಪ್ಪಾ, ಈ ದುಡ್ಡು ಕೊನೆಗೆ ಯಾರಿಗೆ ಹೋಗುತ್ತೆ?" ಆವತ್ತಿಂದ ತಲೆಯಲ್ಲಿ ಅದೇ. ಬರ್ಮಾದಲ್ಲಿ, ಅಂದರೆ ಈಗಿನ ಮ್ಯಾನ್ಮಾರ್‌ನಲ್ಲಿ, 2021ರ ಫೆಬ್ರವರಿ 1ರಂದು ಸೈನ್ಯ ಅಧಿಕಾರ ಕಿತ್ತುಕೊಂಡಿತು. ಕಾಡಿನ ತೇಗವೆಲ್ಲ ಸರ್ಕಾರದ್ದು. ಅದರ ವ್ಯಾಪಾರ ಇರುವುದು ಮ್ಯಾನ್ಮಾ ಟಿಂಬರ್ ಎಂಟರ್‌ಪ್ರೈಸ್ ಅನ್ನುವ ಸರ್ಕಾರಿ ಸಂಸ್ಥೆಯ ಕೈಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮೆರಿಕ, ಜೂನ್‌ನಲ್ಲಿ ಯುರೋಪ್ ಒಕ್ಕೂಟ ಅದರ ಮೇಲೆ ನಿರ್ಬಂಧ ಹಾಕಿದವು. ನಮ್ಮ ದೇಶ ಹಾಕಿಲ್ಲ. 2014ರಿಂದ ದಿಮ್ಮಿ ರಫ್ತೂ ನಿಂತಿದೆ, ಬರುವುದು ಸೈಜು, ಅಂದರೆ ಅಳತೆಗೆ ಕೊಯ್ದ ಮರ. ನನ್ನ ಬಿಲ್ ಸರಿ ಇದೆ, ಜಿಎಸ್‌ಟಿ ಕಟ್ಟಿದ್ದೇನೆ. ಆದರೂ ಕಸಿವಿಸಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಡಿಕೆಚೀಲ, ತೀರ್ಥಹಳ್ಳಿ:
ಅಣ್ಣಾ, ಬರ್ಮಾ ಅಡಿಕೆ ಕಳ್ಳದಾರಿಯಲ್ಲಿ ಬಂತು ಅಂದರೆ ನಾವು ಊರಿಗೆ ಊರೇ ಎದ್ದು ಕೂರುತ್ತೇವೆ. 2023ರಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕೆಜಿಗೆ 351 ರೂಪಾಯಿ ಆದಾಗ ನಾನೂ ಖುಷಿಪಟ್ಟವನೇ. ಅದರಲ್ಲಿ ನ್ಯಾಯ ನೀತಿ ಏನಿಲ್ಲ, ಹೊಟ್ಟೆಪಾಡು ಅಷ್ಟೇ. ನಮ್ಮನೆ ಬಾಗಿಲೂ ಬರ್ಮಾ ತೇಗದ್ದೇ. ಅದು ಎಲ್ಲಿಂದ ಬಂತು ಅಂತ ನಾನು ಒಂದು ಮಾತೂ ಕೇಳಿರಲಿಲ್ಲ.

ಲೆಕ್ಕಪತ್ರ, ಸಾಗರ:
ದೊಡ್ಡವರಿಗೆ ಬಿಡುವುದೂ ಕಷ್ಟವೇ. ಜಪಾನಿನ ಕಿರಿನ್ ಬಿಯರ್ ಕಂಪನಿ ಅಲ್ಲಿ ಸೈನ್ಯದ ಕಂಪನಿ ಜೊತೆ ಸೇರಿ ಬ್ರೂವರಿ ನಡೆಸುತ್ತಿತ್ತು. ಸೈನ್ಯ ಬಂದ ಮೇಲೆ ಒಲ್ಲೆ ಅಂತು, 2023ರ ಜನವರಿಯಲ್ಲಿ ಹೊರಬಂತು. ಆದರೆ ಪಾಲು ಮಾರಿದ್ದು ಆ ಬ್ರೂವರಿಗೇ! ಅಲ್ಲಿಗೆ ಪೂರ್ತಿ ಸೈನ್ಯದವರ ಕೈಗೇ ಹೋಯಿತು. ನಿಮಗೆ ಆ ತಾಪತ್ರಯ ಇಲ್ವಲ್ಲ? ಬಿಟ್ಟು ಬರಲು ಕಾರ್ಖಾನೆಯೇ ಇಲ್ಲ. ಇರುವ ಸ್ಟಾಕ್ ಮುಗಿಸಿ, ಮುಂದಿನ ಲೋಡ್ ತರಿಸಬೇಡಿ. ಹಲಸು, ಹೊನ್ನೆ, ಮತ್ತಿ ಬೇಕಾದಷ್ಟು ಕೆಲಸಕ್ಕೆ ಆಗುತ್ತೆ. ಅರಣ್ಯ ಇಲಾಖೆ ಡಿಪೋ ಹರಾಜಿಗೆ ಒಮ್ಮೆ ಹೋಗಿ ಬನ್ನಿ.

ಮರದಂಗಡಿ, ಶಿವಮೊಗ್ಗ:
ಹೊನ್ನೆ ಗಟ್ಟಿಮುಟ್ಟು, ಸರಿ. ಆದರೆ ನೆನೆದರೆ ಬಣ್ಣ ಬಿಡುತ್ತೆ. ನಮ್ಮ ಮಳೆಗೆ ಗೋಡೆಯೆಲ್ಲ ಹಳದಿ, ಆಮೇಲೆ ಬೈಸಿಕೊಳ್ಳುವವನು ನಾನು. ಹಲಸಿನ ಸೈಜು ಸ್ವಲ್ಪ ಜಾಸ್ತಿ ಇಳಿಸಿ ನೋಡುತ್ತೇನೆ. ಹೊಸ ಲೋಡ್ ಸದ್ಯಕ್ಕೆ ಬೇಡ ಅಂತ ಮಂಗಳೂರಿನ ಡೀಲರಿಗೆ ಹೇಳಿದ್ದಾಯ್ತು. "ನೀವು ಬಿಟ್ರೆ ಭದ್ರಾವತಿಯವ್ರು ತಗೊಳ್ತಾರೆ ಬಿಡಿ" ಅಂದ.

ಇವತ್ತು ಬೆಳಿಗ್ಗೆ ಹೊಸನಗರ ಕಡೆಯವರೊಬ್ಬರು ಬಂದಿದ್ದರು. ಉಳಿದ ಸೈಜು ತೋರಿಸುತ್ತಾ ಸೈನ್ಯದ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಪಾಪ. "ಗೆದ್ದಲು ಹತ್ತಲ್ಲ ಅಲ್ವಾ?" ಅಂತ ಕೇಳಿ ಅಡ್ವಾನ್ಸ್ ಕೊಟ್ಟು ಹೋದರು.