ಒಂದೇ ಹಲ್ಲಿಗೆ ಎರಡನೇ ಸಲ ರೂಟ್ ಕೆನಾಲ್: ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಗುತ್ತಲು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ವಯಸ್ಸು 47, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ 2016ರಲ್ಲಿ ರೂಟ್ ಕೆನಾಲ್ ಆಗಿತ್ತು. ತಕ್ಷಣ ಕ್ಯಾಪ್ ಹಾಕಿಸಿ ಅಂದಿದ್ದರು. ಮಗಳ ಫೀಸ್ ಕಟ್ಟುವ ತಿಂಗಳು ಅದು, ಮುಂದಕ್ಕೆ ಹಾಕಿದೆ. ಹಾಗೇ ಮುಂದೂಡುತ್ತಾ ಒಂದೂವರೆ ವರ್ಷ ಆಯಿತು.

ಈ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಆ ಹಲ್ಲಿನ ಪಕ್ಕ ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ ಬಂತು. ನೋವಿಲ್ಲ. ಒತ್ತಿದರೆ ಉಪ್ಪುಪ್ಪು ನೀರು. ತಾನೇ ಒಡೆಯುತ್ತದೆ, ವಾರಕ್ಕೆ ಮತ್ತೆ ಬರುತ್ತದೆ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ ಎರಡು ಸಲ ನುಂಗಿದ್ದೂ ಆಯಿತು.

ಎಕ್ಸ್‌ರೇಯಲ್ಲಿ ಬೇರಿನ ತುದಿ ಸುತ್ತ ಕಪ್ಪಗಿದೆ, ಅಲ್ಲಿ ಮೂಳೆ ಕರಗಿದೆಯಂತೆ. ಬಿಚ್ಚಿ ಮತ್ತೆ ರೂಟ್ ಕೆನಾಲ್ ಮಾಡಬೇಕು, ಇಲ್ಲ ಕಿತ್ತು ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಬೇಕು ಅಂತಾರೆ. ನಮ್ಮ ಯಜಮಾನರು "ಮೊದಲನೇದೇ ನಿಲ್ಲಲಿಲ್ಲ, ಎರಡನೇದು ನಿಲ್ಲುತ್ತಾ? ಕೀಳಿಸಿ ಬಿಸಾಕು" ಅಂತ ಕೂತಿದ್ದಾರೆ. ತಂಗಿ ಮೈಸೂರಿನ ಡೆಂಟಲ್ ಕಾಲೇಜಿಗೆ ಹೋಗು ಅಂತಾಳೆ. ಅಲ್ಲಿ ಸ್ಟೂಡೆಂಟ್ಸ್ ಕೈಗೆ ಬಾಯಿ ಕೊಡಬೇಕಲ್ಲ ಅಂತ ನನಗೆ ಭಯ.

ಮಾಡಿಸಿ ಎಂಟು ಹತ್ತು ವರ್ಷ ಆದವರು ಯಾರಾದರೂ ಇದ್ದೀರಾ? ಹೋದ ತಿಂಗಳು ಮಾಡಿಸಿ "ಸೂಪರ್" ಅನ್ನುವವರ ಮಾತು ಬೇಡ, ಬೇಜಾರು ಮಾಡಿಕೊಳ್ಳಬೇಡಿ.

ಡಿಪೋ ಮೆಕ್ಯಾನಿಕ್, ಮೈಸೂರು:

ಟೀಚರಮ್ಮ, ನಾನಿದ್ದೇನೆ. ಮೇಲಿನ ಬಲಗಡೆ ದವಡೆ ಹಲ್ಲು. ಮೊದಲನೇದು 2007, ಎರಡನೇದು 2014. ಇವತ್ತು ಬೆಳಿಗ್ಗೆಯೂ ಅದರಲ್ಲೇ ನಿಪ್ಪಟ್ಟು ಕಡಿದೆ. (ಮುದ್ದೆ ತಿನ್ನುವವರಿಗೆ ಹಲ್ಲು ಯಾಕೆ ಅಂತ ನಮ್ಮ ಸೊಸೆ ಕೇಳುತ್ತಾಳೆ. ಅವಳು ಬೆಂಗಳೂರಿನವಳು.)

ಬಸ್ ರಿಪೇರಿ ಮಾಡಿದವನಿಗೆ ಒಂದು ಚಟ. ಮತ್ತೆ ಕೆಟ್ಟರೆ, ಮೊದಲು ಯಾಕೆ ಕೆಟ್ಟಿತು ಅಂತ ಕೇಳದೆ ಬಿಡೋದಿಲ್ಲ. ಡಾಕ್ಟರನ್ನೂ ಅದೇ ಕೇಳಿದೆ. ಆ ಹಲ್ಲಿಗೆ ನಾಲ್ಕು ನಾಳ ಇತ್ತಂತೆ, ಮೊದಲ ಸಲ ಮೂರೇ ತುಂಬಿದ್ದರು. ಆ ನಾಲ್ಕನೇದು ಸಣ್ಣದು, ಮರೆಯಲ್ಲಿರುತ್ತದೆ, ಬರಿಗಣ್ಣಿಗೆ ಸುಲಭಕ್ಕೆ ಸಿಗೋದಿಲ್ಲವಂತೆ. ಇವರು ಮೈಕ್ರೋಸ್ಕೋಪ್ ಇಟ್ಟು ಹುಡುಕಿದರು.

ಮೊದಲ ದಿನ ಹಳೇ ಗಟ್ಟಾ ಪರ್ಚಾ, ಅಂದರೆ ನಾಳಕ್ಕೆ ತುಂಬಿದ್ದ ರಬ್ಬರಿನಂಥ ವಸ್ತು, ತೆಗೆದರು. ಬಾಯಿಗೆ ರಬ್ಬರ್ ಶೀಟ್ ಕಟ್ಟಿದ್ದರು, ಕಿತ್ತಳೆ ಎಣ್ಣೆ ವಾಸನೆ ಬರುತ್ತಿತ್ತು. ಅದರಲ್ಲಿ ಹಳೇದು ಮೆತ್ತಗಾಗುತ್ತದಂತೆ. ಹೊರಗೆ ಬಂದ ಚೂರನ್ನು ಹತ್ತಿಯ ಮೇಲಿಟ್ಟು ತೋರಿಸಿದರು. ನಸುಗೆಂಪು ದಾರ, ತುದಿ ಕಪ್ಪಗಾಗಿ ಕೊಳೆತ ವಾಸನೆ. ಏಳು ವರ್ಷ ಅದನ್ನು ಬಾಯಲ್ಲಿಟ್ಟುಕೊಂಡು ಊಟ ಮಾಡಿದ್ದೇನಲ್ಲ ಅಂತ ಹೊಟ್ಟೆ ತೊಳೆಸಿತು.

ನಿಮಗೆ ಬೇಕಾದ ವಿಷಯ ಇದು. ನೋವು ಹದಿನೈದು ದಿನಕ್ಕೇ ಹೋಯಿತು, ಮೂಳೆ ತುಂಬೋದಕ್ಕೆ ವರ್ಷಗಟ್ಟಲೆ ಹಿಡಿಯಿತು. ನನ್ನ ಎಕ್ಸ್‌ರೇಗಳೆಲ್ಲ ಹಳೇ ಗ್ಯಾಸ್ ಬುಕ್ಕಿನ ಕವರಿನಲ್ಲಿವೆ. 2014ರಲ್ಲಿ ಆ ಕಪ್ಪು ಕಲೆ ಕಡಲೆಕಾಳಿನಷ್ಟಿತ್ತು. ಒಂದು ವರ್ಷಕ್ಕೆ ಹೆಸರುಕಾಳು. 2016ರಲ್ಲೂ ಹೆಸರುಕಾಳೇ. ಆಗ ಕೆಟ್ಟಿತು ಅಂದುಕೊಂಡೆ. ಡಾಕ್ಟರು "ಬೆಳೆದಿಲ್ಲ ತಾನೇ, ಸುಮ್ನೆ ಕಾಯಿರಿ" ಅಂದರು. 2018ರಲ್ಲಿ ಸಾಸಿವೆಯಷ್ಟು, ಆಮೇಲೆ ಹುಡುಕಿದರೂ ಇಲ್ಲ.

ಕಬ್ಬಿನ ಗದ್ದೆ:

ಅಕ್ಕ, ನಂದು ಉಲ್ಟಾ ಕಥೆ. ಮದ್ದೂರು ಹತ್ತಿರ ನಮ್ಮೂರು. 2019ರಲ್ಲಿ ಎರಡನೇ ಸಲ ಮಾಡಿಸಿದೆ, 2021ರಲ್ಲಿ ಕೀಳಿಸಿದೆ. ಬೇರು ಉದ್ದಕ್ಕೆ ಸೀಳಿತ್ತು. ಮಾಡಿಸುವ ಮೊದಲೇ ಸೀಳಿತ್ತೋ, ನಾನು ಕಬ್ಬು ಸಿಗಿದು ಸೀಳಿತೋ, ದೇವರಿಗೇ ಗೊತ್ತು. ದುಡ್ಡು ಕೊಡುವ ಮೊದಲು ಬಿರುಕು ಇದೆಯಾ ಅಂತ ನೋಡಿಸಿಕೊಳ್ಳಿ.

ಬೇರು ಡಾಕ್ಟರ್, ಮೈಸೂರು:

ಮೇಡಂ, ನಾನು ರೂಟ್ ಕೆನಾಲ್ ಕೆಲಸವನ್ನೇ ಮಾಡುವವನು. ನೀವು ಗಣಿತದವರು, ಅಂಕಿಯಲ್ಲೇ ಹೇಳುತ್ತೇನೆ. ಲಂಡನ್ನಿನ ಈಸ್ಟ್‌ಮನ್ ಸಂಸ್ಥೆಯ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷದವರೆಗೆ ರೋಗಿಗಳನ್ನು ಕರೆಸಿ ನೋಡಿದರು. ಬೇರಿನ ಸುತ್ತ ಪೂರ್ತಿ ವಾಸಿಯಾದದ್ದು ಮೊದಲ ಸಲದಲ್ಲಿ 83%, ಎರಡನೇ ಸಲದಲ್ಲಿ 80%. ನಾಲ್ಕು ವರ್ಷದ ನಂತರ ಹಲ್ಲು ಬಾಯಲ್ಲಿ ಉಳಿದದ್ದು ಎರಡರಲ್ಲೂ ಸುಮಾರು 95%. ಅಲ್ಲಿ ಚಿಕಿತ್ಸೆ ಮಾಡಿದವರು ಯಾರು ಗೊತ್ತಾ? ಪಿಜಿ ವಿದ್ಯಾರ್ಥಿಗಳು. ಕಾಲೇಜಿನ ಬಗ್ಗೆ ಭಯ ಬೇಡ, ಎರಡನೇ ಸಲದ ಕೇಸು ಪಿಜಿ ವಿಭಾಗದಲ್ಲೇ ಆಗಲಿ ಅಂತ ಕೇಳಿ.

ಇನ್ನೂ ದೂರದ್ದು ಬೇಕೆಂದರೆ ನಾರ್ವೆಯದ್ದಿದೆ. ಎರಡನೇ ಸಲ ಮಾಡಿದ ಬೇರುಗಳನ್ನು 10-17 ವರ್ಷಕ್ಕೆ ನೋಡಿದಾಗ ಸುಮಾರು 86% ಸರಿಯಿದ್ದವು. ಅವೇ ಬೇರುಗಳು 20-27 ವರ್ಷಕ್ಕೆ ಸುಮಾರು 96%. ಮೆಕ್ಯಾನಿಕ್ ಅವರ ಸಾಸಿವೆ ಲೆಕ್ಕ ಸುಳ್ಳಲ್ಲ. ಆದರೆ ಅದು ಅಷ್ಟು ವರ್ಷ ಬಾಯಲ್ಲಿ ಉಳಿದ ಹಲ್ಲಿನ ಲೆಕ್ಕ. ಕಿತ್ತದ್ದು ಇದರೊಳಗೆ ಇಲ್ಲ. ನೀವಾದರೆ ಇದನ್ನು ಹಿಡಿಯುತ್ತಿದ್ದಿರಿ, ಅಲ್ವಾ?

ಕ್ಯಾಪ್ ಇಲ್ಲದ ಆ ಒಂದೂವರೆ ವರ್ಷದ ಮೇಲೇ ನನಗೆ ಅನುಮಾನ. ಫಿಲ್ಲಿಂಗ್ ಸಂದಿಯಿಂದ ಎಂಜಲು ಇಳಿದರೆ ಸಾಕು, ಅದರ ಜೊತೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಮಾತ್ರೆ ನಿಲ್ಲಿಸಿ. ನಾಳದೊಳಗೆ ರಕ್ತವೇ ಹರಿಯೋದಿಲ್ಲ, ಔಷಧಿ ಅಲ್ಲಿಗೆ ಹೇಗೆ ಹೋಗಬೇಕು? ಒಸಡಿನ ಸುತ್ತ ಅಳತೆ ಕಡ್ಡಿ ಇಳಿಸಿ ನೋಡುತ್ತಾರೆ. ಒಂದೇ ಜಾಗದಲ್ಲಿ ಮಾತ್ರ ಕಡ್ಡಿ ಆಳಕ್ಕೆ ಇಳಿದರೆ ಬೇರು ಸೀಳಿರುವ ಅನುಮಾನ. ಹಾಗಿದ್ದರೆ ನಾನೇ ಕೀಳಿಸಿ ಅನ್ನುತ್ತೇನೆ.

ಗುತ್ತಲು ಟೀಚರ್:

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಮೈಸೂರಿನ ಕಾಲೇಜಿಗೇ ಹೋದೆ. ನಮ್ಮ ಹಳೇ ಸ್ಟೂಡೆಂಟ್ ವಯಸ್ಸಿನ ಹುಡುಗಿ, ಹಿಂದೆ ಅವಳ ಮೇಡಂ. ಗುಳ್ಳೆಯ ತೂತಿನೊಳಗೆ ಅದೇ ನಸುಗೆಂಪು ದಾರ ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೆದಳು. ದಾರ ಬಾಗಿ ಹೋಗಿ ನೇರ ಹಿಂದಿನ ಬೇರಿನ ತುದಿಯಲ್ಲಿ ನಿಂತಿತ್ತು. ಕಡ್ಡಿ ಎಲ್ಲೂ ಆಳಕ್ಕೆ ಇಳಿಯಲಿಲ್ಲ, ಬಿರುಕು ಕಾಣಲಿಲ್ಲ. ಹಳೇದು ತೆಗೆದು ಔಷಧಿ ತುಂಬಿ ಎರಡು ವಾರ ಬಿಟ್ಟರು. ಗುಳ್ಳೆ ಹತ್ತನೇ ದಿನಕ್ಕೆ ಮಾಯ. ಮೊನ್ನೆ ನಾಳ ಮುಚ್ಚಿದರು. ಆರು ತಿಂಗಳಿಗೆ ಎಕ್ಸ್‌ರೇ, ಆಮೇಲೆ ವರ್ಷಕ್ಕೊಂದು. ಡಿಪೋ ಅಣ್ಣನ ಹಾಗೆ ಒಂದು ಕವರ್ ಎತ್ತಿಟ್ಟಿದ್ದೇನೆ.

ಕ್ಯಾಪಿಗೆ ಅಳತೆ ಕೊಡೋದು ಈ ಶನಿವಾರವೇ. ಈ ಸಲ ಮಗಳ ಫೀಸು ಅವರಪ್ಪ ಕಟ್ಟಿಕೊಳ್ಳಲಿ.