ಪ್ರಶಸ್ತಿ ಸಿನಿಮಾ ಅಂದ್ರೆ ನಮ್ಮಮ್ಮನಿಗೆ ನಿದ್ದೆ ಯಾಕೆ?

ಒಂಟಿಕೊಪ್ಪಲ್ ಹುಡುಗ: ದಸರಾ ಚಲನಚಿತ್ರೋತ್ಸವಕ್ಕೆ ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಪ್ರಶಸ್ತಿ ಬಂದ ಸಿನಿಮಾ, ಹೆಸರು ಬೇಡ ಬಿಡಿ. ಒಂದು ಬಾವಿಕಟ್ಟೆಯನ್ನೇ ತೋರಿಸ್ತಾ ಕೂತಿದ್ದರು. ಅಮ್ಮ ನನ್ನ ಕಡೆ ಬಗ್ಗಿ "ಮಿಷನ್ ಕೆಟ್ಟೋಯ್ತೇನೋ, ನಿಂತೇಬಿಟ್ಟಿದೆ" ಅಂದರು. ಇಂಟರ್ವಲ್ ಹೊತ್ತಿಗೆ ಗೊರಕೆ. ಇದೇ ಅಮ್ಮ ಕಾಂತಾರ ಎರಡು ಸಲ ನೋಡಿದ್ದಾರೆ. ಈ ಜ್ಯೂರಿಯವರು ಯಾರಿಗೋಸ್ಕರ ಆರಿಸ್ತಾರೆ ಹೇಳಿ.

ಕಬ್ಬಿನಗದ್ದೆ: ಕಾಂತಾರಕ್ಕೂ ಪ್ರಶಸ್ತಿ ಬಂದಿದೆ ಗುರು. 2024ರಲ್ಲಿ ಘೋಷಣೆಯಾದ 70ನೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ. ಕನ್ನಡದ ಅತ್ಯುತ್ತಮ ಚಿತ್ರ ಯಾವುದು ಗೊತ್ತಾ? ಕೆಜಿಎಫ್ ಚಾಪ್ಟರ್ 2! ಇನ್ನೇನು ಬೇಕು?

ಒಂಟಿಕೊಪ್ಪಲ್ ಹುಡುಗ: ಕಾಂತಾರಕ್ಕೆ ಸಿಕ್ಕ ಇನ್ನೊಂದು ಪ್ರಶಸ್ತಿ 'ಜನಪ್ರಿಯ ಮನರಂಜನಾ ಚಿತ್ರ' ಅಂತ. ಅಂದ್ರೆ ನಮಗೆ ಬೇರೆ ಪಂಕ್ತಿ ಹಾಕಿ ಬಡಿಸಿದ ಹಾಗೆ. ಆ ವಿಭಾಗ ಶುರುವಾದದ್ದೇ 1975ರ ಸಿನಿಮಾಗಳಿಂದ, ಚೋಮನ ದುಡಿಗೆ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಬಂದ ವರ್ಷ. ಅಲ್ಲಿಂದಲೇ ಒಳ್ಳೇದು ಬೇರೆ, ಜನ ನೋಡೋದು ಬೇರೆ ಅಂತ ಗೆರೆ ಎಳೆದುಬಿಟ್ಟರು.

ಪಾಪ್‌ಕಾರ್ನ್ ಪಾರ್ಟಿ: ಆಸ್ಕರ್‌ನವರೂ ಅದೇ ಮಾಡೋಕೆ ಹೋದರು. 2018ರ ಆಗಸ್ಟ್‌ನಲ್ಲಿ ಜನಪ್ರಿಯ ಚಿತ್ರಕ್ಕೆ ಬೇರೆ ಪ್ರಶಸ್ತಿ ಅಂದರು, ಎಲ್ಲರೂ ಉಗಿದ ಮೇಲೆ ಮುಂದಿನ ತಿಂಗಳೇ ಕೈಬಿಟ್ಟರು. ಆದ್ರೆ ಟೈಟಾನಿಕ್‌ಗೆ 11 ಆಸ್ಕರ್ ಬಂದಿತ್ತಲ್ಲ, ಅದನ್ನ ನೋಡದೇ ಇದ್ದವರು ಯಾರಿದ್ದಾರೆ?

ಹಳೇ ಟಾಕೀಸು: ಎಲ್ಲರೂ ರುಚಿ ರುಚಿ ಅಂತೀರಿ. ತಟ್ಟೆಗೆ ಬಿದ್ದರೆ ತಾನೇ ರುಚಿ? ರಾಷ್ಟ್ರೀಯ ಪ್ರಶಸ್ತಿಗೆ ಕಳಿಸೋಕೆ ಆ ವರ್ಷದ ಸೆನ್ಸಾರ್ ಸರ್ಟಿಫಿಕೇಟ್ ಸಾಕು, ಥಿಯೇಟರಿನಲ್ಲಿ ಓಡಿರಬೇಕು ಅಂತೇನಿಲ್ಲ. ಹಾಗಾಗಿ ಎಷ್ಟೋ ಸಿನಿಮಾ ಪ್ರಶಸ್ತಿ ತಗೊಂಡು, ನಮ್ಮೂರಿಗೆ ಬಾರದೇನೇ ಪೆಟ್ಟಿಗೆ ಸೇರುತ್ತವೆ. ಬಂದರೂ ಬೆಳಗ್ಗೆ ಹತ್ತರ ಒಂದು ಆಟ. ಕೆಲಸ ಬಿಟ್ಟು ಯಾರು ಹೋಗ್ತಾರೆ ಸ್ವಾಮಿ? ಮೈಸೂರಲ್ಲಿ ಶಾಂತಲಾ ಥರದ ಟಾಕೀಸೂ ಬಾಗಿಲು ಹಾಕಿದ ಮೇಲೆ, ಸುಮ್ನೆ ಹೋಗಿ ಯಾವುದೋ ಒಂದು ನೋಡಿ ಬರೋಣ ಅನ್ನೋ ಅಭ್ಯಾಸವೇ ಹೋಯ್ತು.

ಒಂಟಿಕೊಪ್ಪಲ್ ಹುಡುಗ: ಸರ್, ಉತ್ಸವದಲ್ಲಿ ಅಮ್ಮನ ತಟ್ಟೆಗೇ ಬಿದ್ದಿತ್ತು. ಗೊರಕೆ ಹೊಡೆದರು.

ಹಳೇ ಟಾಕೀಸು: ಹಹ್ಹ, ಅದೂ ಸರಿ.

ಕಬ್ಬಿನಗದ್ದೆ: ನಮ್ಮ ಮಂಡ್ಯದ್ದೇ ಹೇಳ್ತೀನಿ. ತಿಥಿ. ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕ್ಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ, ಆಮೇಲೆ ರಾಷ್ಟ್ರೀಯ ಪ್ರಶಸ್ತಿ. ಮರುವರ್ಷ ಮೇನಲ್ಲಿ ರಿಲೀಸ್ ಆದಾಗ ನಮ್ಮ ಮನೆಯಿಂದ ಏಳು ಜನ ಹೋಗಿದ್ದೆವು. ಸ್ವಿಟ್ಜರ್ಲೆಂಡ್‌ನವರು ಅದರಲ್ಲಿ ಸಾವು, ತಲೆಮಾರು ಅಂತ ಏನೇನೋ ಕಂಡಿರಬೇಕು. ನಮ್ಮ ಚಿಕ್ಕಪ್ಪ ಕಂಡದ್ದು ಐದು ಎಕರೆ ಜಮೀನು. ಆ ಜಮೀನಿಗೋಸ್ಕರ ಅಪ್ಪ ಬದುಕಿರುವಾಗಲೇ ಸತ್ತ ಅಂತ ಕಾಗದ ಮಾಡಿಸೋಕೆ ತಮ್ಮಣ್ಣ ಓಡಾಡ್ತಾನಲ್ಲ, ಅಲ್ಲಿ ನಮ್ಮ ಸಾಲಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರೆ ಚಿಕ್ಕಪ್ಪ ಮಾತ್ರ ನಗಲಿಲ್ಲ, ಯಾಕಂದ್ರೆ ಆಗ ಅವರದ್ದೇ ಪಾಲಿನ ಕೇಸು ನಡೀತಿತ್ತು. ಜ್ಯೂರಿಗೂ ಹಿಡಿಸಿತು, ನಮಗೂ ಹಿಡಿಸಿತು, ಆದ್ರೆ ಇಬ್ಬರೂ ನೋಡಿದ್ದು ಒಂದೇ ಸಿನಿಮಾನಾ ಅಂತ ನನಗೆ ಈಗಲೂ ಅನುಮಾನ.

ಪಾಪ್‌ಕಾರ್ನ್ ಪಾರ್ಟಿ: ಅದು ನಿಮ್ಮ ಭಾಷೆ, ನಿಮ್ಮ ಊರು, ಅದಕ್ಕೆ ಹಿಡಿಸಿತು. ಒಂದು ತಿಥಿ ಇಟ್ಟುಕೊಂಡು ಉಳಿದ ನೂರು ಬೋರಿಂಗ್ ಸಿನಿಮಾ ಮಾಫ್ ಮಾಡೋಕಾಗಲ್ಲ.

ಕಬ್ಬಿನಗದ್ದೆ: ಮಾಫ್ ಮಾಡಿ ಅಂದವರು ಯಾರು? ಸ್ಟಾರ್ ಸಿನಿಮಾದಲ್ಲೂ ನೂರಕ್ಕೆ ತೊಂಬತ್ತು ಮೂರನೇ ದಿನಕ್ಕೆ ಖಾಲಿ. ಅವನ್ನ 'ಜನರ ಸಿನಿಮಾ' ಅಂತ ಯಾಕೆ ಕರೀಬೇಕು?

ಒಂಟಿಕೊಪ್ಪಲ್ ಹುಡುಗ: ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಅಮ್ಮನಿಗೆ ತಿಥಿ ತೋರಿಸಿದೆ (ತಪ್ಪು ತಿಳೀಬೇಡಿ). ನಿದ್ದೆ ಮಾಡಲಿಲ್ಲ. ತಮ್ಮಣ್ಣನ ಅಪ್ಪ ಗಡ್ಡಪ್ಪನನ್ನು ನೋಡಿ "ನಮ್ಮ ದೊಡ್ಡಮಾವ ಥೇಟ್ ಹೀಗೇ" ಅಂದರು. ನಡುವೆ ನಿಲ್ಲಿಸಿ ಒಂದೇ ಪ್ರಶ್ನೆ: "ಆ ಐದು ಎಕರೆ ಪಹಣಿ ಯಾರ ಹೆಸರಲ್ಲಿದೆ?"

ಕಬ್ಬಿನಗದ್ದೆ: ತಮ್ಮಣ್ಣನ ಅಜ್ಜನ ಹೆಸರಲ್ಲಿ. ಅದಕ್ಕೇ ಅಲ್ವಾ ಅಷ್ಟೆಲ್ಲ ರಾಮಾಯಣ!